ಧ್ರುವ ನಕ್ಷತ್ರ ಯಾರ ಪಾಲಾಯಿತು?

ಆಟ ಆಡಿ ಹಾಳಾದ ಹುಡುಗರ ಸುದ್ದಿ ದಿನಾ ಓದುತ್ತೇವೆ. ಆಟ ತಯಾರಿಸಿ ಬದುಕಿದವರ ಸುದ್ದಿ ಓದಿದ್ದೇವೆಯೇ? ಅಂಥದೊಂದು ಕಂಪನಿ ನಮ್ಮ ಬೆಂಗಳೂರಿನಲ್ಲೇ ಇತ್ತು. ಹೆಸರು ಧ್ರುವ ಇಂಟರಾಕ್ಟಿವ್. ಇಪ್ಪತ್ತೆರಡು ವರ್ಷ ಬಾಳಿ, 2019ರಲ್ಲಿ ಬೇರೆಯವರ ಪಾಲಾಯಿತು. ಇವತ್ತು ಆ ಬೋರ್ಡು ಇಲ್ಲ. ಯಾಕೆ ಹೀಗಾಯಿತು ಎಂಬುದರಲ್ಲಿ ದಾವಣಗೆರೆ-ಹರಿಹರದವರಿಗೂ ಒಂದು ಪಾಠ ಇದೆ.

ಮೊದಲೇ ಹೇಳಿಬಿಡೋಣ, ಇದು ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿಯ ಮಾತಲ್ಲ. ಅದನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಪಾಸು ಮಾಡಿತು. ಇಲ್ಲಿ ಹೇಳುತ್ತಿರುವುದು ಸಿನಿಮಾದ ಹಾಗೆ ಕಥೆ, ಚಿತ್ರ, ಸಂಗೀತ ಕೂಡಿಸಿ ಮಾಡುವ ವಿಡಿಯೋ ಗೇಮಿನ ಮಾತು.

1997ರಲ್ಲಿ ರಾಜೇಶ್ ರಾವ್ ಧ್ರುವ ಶುರು ಮಾಡಿದಾಗ ನಮ್ಮ ದೇಶದಲ್ಲಿ ಈ ಕಸುಬು ಗೊತ್ತಿದ್ದವರೇ ಬೆರಳೆಣಿಕೆಯಷ್ಟು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯಿಂದ 'ಮಿಷನ್ ಇಂಪಾಸಿಬಲ್' ಆಟದ ಕೆಲಸ ಸಿಕ್ಕಿತು. ಆದರೆ ಕಂಪ್ಯೂಟರಿಗಾಗಿ ಮಾಡುತ್ತಿದ್ದ ಆ ಆಟ ಅಂಗಡಿಗೆ ಬರಲೇ ಇಲ್ಲ! ಆಮೇಲೆ ಧ್ರುವದ ಹೊಟ್ಟೆ ತುಂಬಿಸಿದ್ದು ಹೆಚ್ಚಾಗಿ ಪರದೇಶದವರ ಗುತ್ತಿಗೆ ಕೆಲಸ. ಮೈಕ್ರೋಸಾಫ್ಟಿನ 'ಫೋರ್ಜಾ' ಎಂಬ ಕಾರ್ ರೇಸ್ ಆಟದಲ್ಲಿ ಹುಡುಗರು ಓಡಿಸುವ ಕಾರುಗಳಿಗೆ ರೂಪ ಕೊಟ್ಟವರಲ್ಲಿ ಬೆಂಗಳೂರಿನ ಈ ಕೈಗಳೂ ಇದ್ದವು. ಆಡಿದವರಿಗೆ ಅದು ಗೊತ್ತೇ ಇಲ್ಲ.

2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ 85 ಲಕ್ಷ ಡಾಲರಿಗೆ ಧ್ರುವದ ಹತ್ತರಲ್ಲಿ ಒಂಬತ್ತು ಪಾಲು ಕೊಂಡಿತು. ಆಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಎರಡೇ ವರ್ಷದಲ್ಲಿ ಸ್ಟಾರ್‌ಬ್ರೀಜ್ ತಾನೇ ಸಾಲದಲ್ಲಿ ಮುಳುಗಿತು. ಮುಳುಗುವವನು ಮೊದಲು ಮಾರುವುದು ಮನೆಯ ಪಾತ್ರೆಯನ್ನೇ ಅಲ್ಲವೇ? 2019ರಲ್ಲಿ ಧ್ರುವವನ್ನು 79 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 55 ಕೋಟಿ ರೂಪಾಯಿಗೆ, ಅಮೆರಿಕದ ರಾಕ್‌ಸ್ಟಾರ್‌ಗೆ ಮಾರಿತು. ಧ್ರುವ ನಕ್ಷತ್ರ ಕದಲುವುದಿಲ್ಲ ಅಂತಾರೆ. ಇದು ಮೂರು ವರ್ಷದೊಳಗೆ ಎರಡು ಸಲ ಕೈ ಬದಲಾಯಿಸಿತು!

ಕೊಂಡವರ ಲೆಕ್ಕ ನೋಡಿ. ಇದೇ ರಾಕ್‌ಸ್ಟಾರ್ 2013ರಲ್ಲಿ ಬಿಡುಗಡೆ ಮಾಡಿದ 'ಗ್ರ್ಯಾಂಡ್ ಥೆಫ್ಟ್ ಆಟೋ' ಐದನೇ ಆಟ ಮೂರೇ ದಿನದಲ್ಲಿ 100 ಕೋಟಿ ಡಾಲರ್ ವ್ಯಾಪಾರ ಮಾಡಿತ್ತು. ಧ್ರುವದ ಬೆಲೆಯ ನೂರು ಪಟ್ಟಿಗೂ ಮೀರಿದ ದುಡ್ಡು. ಕೆಲಸಗಾರಿಕೆಯಲ್ಲಿ ನಮ್ಮವರು ಹಿಂದೆ ಬಿದ್ದಿರಲಿಲ್ಲ. ಆದರೆ ಆಟದ ಹಕ್ಕು ಅವರದು, ಕೂಲಿ ನಮ್ಮದು. ಮಂಡಿಪೇಟೆಯ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂಲು ಯಾರದೋ ಅವರದೇ ಬಟ್ಟೆ.

ಹಾಗಂತ ಕೂಲಿ ಕೆಲಸ ಕೀಳಲ್ಲ. ನೂರಾರು ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ಹೆಸರಿಗೂ ಒಂದು ಬೆಲೆ ಇದೆ ಸ್ವಾಮಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಹಳೇ ಲೇತ್ ಯಂತ್ರಗಳ ಮೇಲೆ ಅದರ ಹೆಸರು ಇನ್ನೂ ಓದಲು ಸಿಗುತ್ತದೆ. ಧ್ರುವದ ಕಾರುಗಳ ಮೇಲೆ ಏನಿದೆ?

ಸ್ವಂತ ಹೆಸರಿನಲ್ಲಿ ಆಟ ಮಾಡುವುದು ಆಗದ ಮಾತೇನಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ, ತಮ್ಮನನ್ನು ಹುಡುಕಿ ಅಸುರರ ಮೇಲೆ ಹೊರಟ ಹುಡುಗಿಯ ಕಥೆಯನ್ನು 'ರಾಜಿ' ಎಂಬ ಆಟವಾಗಿ 2020ರಲ್ಲಿ ಹೊರತಂದಿತು.

ನಮ್ಮಲ್ಲಿ ಏನು ಕೊರತೆ? ಗೇಮಿಗೆ ಬೇಕಾದದ್ದು ಲೆಕ್ಕ ಬಲ್ಲ ತಲೆ, ಚಿತ್ರ ಬಲ್ಲ ಕೈ. ಯುಬಿಡಿಟಿ ಇದೆ, ಬಾಪೂಜಿ ಇಂಜಿನಿಯರಿಂಗ್ ಕಾಲೇಜಿದೆ, ದೃಶ್ಯಕಲಾ ಮಹಾವಿದ್ಯಾಲಯವೂ ಇದೆ. ಈ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ್ದು ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿಯೂ ಬಂತು. ಅದರ ಫಲ ತುಮಕೂರು ದಾಟಿ ಈಚೆಗೂ ಬರಬೇಕು. ಸ್ವಂತ ಆಟ ಮಾಡುತ್ತೇವೆ ಎಂಬ ನಾಲ್ಕು ಹುಡುಗರಿಗೆ ಇಲ್ಲೇ ಒಂದು ಕೋಣೆ, ಒಳ್ಳೇ ಕಂಪ್ಯೂಟರು, ಎರಡು ವರ್ಷದ ಖರ್ಚು ಕೊಡಿಸಲು ಜಿಲ್ಲೆಯ ಪ್ರತಿನಿಧಿಗಳು ಬಾಯಿ ಬಿಡಬೇಕು. ಇಲ್ಲದಿದ್ದರೆ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಇನ್ಯಾರದೋ ಕಾರಿಗೆ ಬಣ್ಣ ಹೊಡೆಯುತ್ತಾರೆ.