ಮಿತಿ ಸಂಬಳಕ್ಕೆ, ಭದ್ರತೆ ಯಾರಿಗೆ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಬ್ಬು ಬೆಳೆಗಾರರಿಗೆ ಎರಡು ಸಂಗತಿಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಕಬ್ಬನ್ನು ಯಾವ ಕಾರ್ಖಾನೆಗೆ ಕಳಿಸಬೇಕೆಂಬ ಆಯ್ಕೆ ಇದ್ದಾಗಲೇ ದರ ಕೇಳುವ ದನಿಗೆ ಬಲ ಬರುತ್ತದೆ. ಒಪ್ಪಿದ ದರದ ಬಿಲ್ಲು ಬಾಕಿ ಉಳಿದರೆ ಆ ಬಲಕ್ಕೆ ಅರ್ಥವಿರುವುದಿಲ್ಲ. ವೃತ್ತಿಪರ ಫುಟ್‌ಬಾಲ್‌ನ ವ್ಯವಹಾರವನ್ನು ಅರಿಯಲು ಈ ಎರಡು ಸೂತ್ರಗಳೇ ಸಾಕೆಂದು ನನಗೆ ಅನಿಸುತ್ತದೆ.

ಆಟಗಾರನಿಗೆ ಆಯ್ಕೆಯ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. ಒಪ್ಪಂದ ಮುಗಿದ ಮೇಲೂ ಹಳೆಯ ಕ್ಲಬ್ ವರ್ಗಾವಣೆ ಶುಲ್ಕ ಕೇಳುವ ಪದ್ಧತಿಯನ್ನು ಬೆಲ್ಜಿಯಂನ ಜಾನ್ ಮಾರ್ಕ್ ಬೊಸ್ಮನ್ ಪ್ರಶ್ನಿಸಿದರು. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಇಂದು ಫಿಫಾ ನಿಯಮದ ಪ್ರಕಾರ, ಒಪ್ಪಂದದ ಕೊನೆಯ 6 ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್‌ನೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು.

ಈ ಸ್ವಾತಂತ್ರ್ಯಕ್ಕೆ ಎದುರಾಗಿ ನಿಂತದ್ದು ವೇತನ ಮಿತಿ. ಅಮೆರಿಕದ ಎನ್‌ಎಫ್‌ಎಲ್ 1994ರಲ್ಲಿ ಪ್ರತಿ ತಂಡಕ್ಕೆ 3.46 ಕೋಟಿ ಡಾಲರ್ ಮಿತಿ ವಿಧಿಸಿತು; 2025ರಲ್ಲಿ ಅದು 27.92 ಕೋಟಿ ಡಾಲರ್‌ಗೆ ಏರಿತು. ಅಲ್ಲಿನ ಆಟ ನಮ್ಮ ಫುಟ್‌ಬಾಲ್ ಅಲ್ಲ, ನಿಜ. ಆದರೆ ಪಾಠ ನಮಗೂ ಸಲ್ಲುತ್ತದೆ. ಆ ಮಿತಿ ಆಟಗಾರರ ಸಂಘದೊಂದಿಗಿನ ಒಪ್ಪಂದದ ಫಲ. ಲೀಗ್‌ನ ಆದಾಯ ಬೆಳೆದಂತೆ ಅದೂ ಬೆಳೆಯುತ್ತದೆ. ತಂಡಗಳು ಕನಿಷ್ಠ ಇಷ್ಟನ್ನಾದರೂ ಆಟಗಾರರಿಗೆ ವ್ಯಯಿಸಲೇಬೇಕೆಂಬ ನಿಬಂಧನೆಯೂ ಅಲ್ಲಿದೆ.

ಮಿತಿಯೊಳಗೆ ತಂಡ ಕಟ್ಟುವುದು ಸಂಸಾರದ ಲೆಕ್ಕವಿದ್ದಂತೆ. 2025ರ ಪ್ರೊ ಕಬಡ್ಡಿ ಹರಾಜಿನಲ್ಲಿ ಪ್ರತಿ ತಂಡದ ಕೈಯಲ್ಲಿದ್ದದ್ದು 5 ಕೋಟಿ ರೂಪಾಯಿ. ಅದರಲ್ಲಿ 2.23 ಕೋಟಿಯನ್ನು ಗುಜರಾತ್ ಜೈಂಟ್ಸ್ ಇರಾನಿನ ಶಾದ್ಲೂಯಿ ಒಬ್ಬರಿಗೇ ತೆತ್ತಿತು. ಅಂದರೆ ಉಳಿದ ಇಡೀ ತಂಡವನ್ನು ಸುಮಾರು ಶೇ 55ರಷ್ಟು ಹಣದಲ್ಲಿ ಕಟ್ಟಬೇಕು. ಒಬ್ಬ ತಾರೆಯನ್ನು ಕೊಳ್ಳುವುದೆಂದರೆ ಇತರ ಹಲವರನ್ನು ಬಿಟ್ಟುಕೊಡುವುದು ಎಂದೇ ಅರ್ಥ.

ಇಂಡಿಯನ್ ಸೂಪರ್ ಲೀಗ್‌ನಲ್ಲಿ ಹಲವು ಋತುಗಳ ಕಾಲ ಈ ಮಿತಿ 16.5 ಕೋಟಿ ರೂಪಾಯಿಯಷ್ಟಿತ್ತು. ಬೆಂಗಳೂರು ಎಫ್‌ಸಿಯೂ ಇದೇ ಲೆಕ್ಕದಲ್ಲಿ ಸಾಗಬೇಕಾಯಿತು. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಗೆಲುವಿನ ಗೋಲು ಹೊಡೆದ ರಾಹುಲ್ ಭೇಕೆ 2021ರಲ್ಲಿ ಮುಂಬೈಗೆ ಹೋದರು. 2024ರಲ್ಲಿ ಮರಳಿ ಬಂದರು. ಸುನಿಲ್ ಚೆಟ್ರಿಯನ್ನು ಮಾತ್ರ ಕ್ಲಬ್ ಕೈಬಿಡಲಿಲ್ಲ. ನಲವತ್ತರ ವಯಸ್ಸಿನಲ್ಲೂ ಅವರು 2024-25ರ ಋತುವಿನಲ್ಲಿ 14 ಗೋಲು ಹೊಡೆದು ಆ ನಂಬಿಕೆಯನ್ನು ಉಳಿಸಿದರು.

ಆದರೆ ಇಡೀ ಲೆಕ್ಕಾಚಾರದ ಟೊಳ್ಳು ಬಯಲಾದದ್ದು ಆ ಋತು ಮುಗಿದ ಬಳಿಕ. ಲೀಗ್‌ನ ಭವಿಷ್ಯವೇ ಅನಿಶ್ಚಿತವಾದಾಗ, 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ತಡೆಹಿಡಿಯುವುದಾಗಿ ಬೆಂಗಳೂರು ಎಫ್‌ಸಿ ಪ್ರಕಟಿಸಿತು. ಯುವ ತಂಡಗಳ ಚಟುವಟಿಕೆ ಮುಂದುವರಿಯುವುದೆಂದೂ ತಿಳಿಸಿತು. ಪಂದ್ಯವೇ ಇಲ್ಲದೆ ಆದಾಯವೆಲ್ಲಿಂದ ಎಂಬ ಕ್ಲಬ್‌ನ ಸಂಕಟವನ್ನು ತಳ್ಳಿಹಾಕಲಾಗದು. ಆದರೆ ಸಂಬಳ ಇಷ್ಟನ್ನು ಮೀರಬಾರದೆಂದು ಕಟ್ಟುನಿಟ್ಟಾಗಿ ಹೇಳುವ ವ್ಯವಸ್ಥೆ, ಒಪ್ಪಿದ್ದನ್ನಾದರೂ ಕೊಟ್ಟೇ ತೀರಬೇಕೆಂಬಲ್ಲಿ ಮೌನ ತಾಳುವುದು ಯಾವ ನ್ಯಾಯ? ಸರ್ಕಾರ ಕಬ್ಬಿಗೆ ನಿಗದಿಪಡಿಸುವುದು ಕನಿಷ್ಠ ದರವನ್ನು. ಫುಟ್‌ಬಾಲ್‌ನಲ್ಲಿ ನಾವು ನಿಗದಿಪಡಿಸಿದ್ದು ಗರಿಷ್ಠವನ್ನು ಮಾತ್ರ.

ಈ ಪ್ರಶ್ನೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಸೀಮಿತವೆಂದು ನಾನು ಭಾವಿಸುವುದಿಲ್ಲ. ನಿಪ್ಪಾಣಿಗೆ ಹತ್ತಿರದ ಕೊಲ್ಹಾಪುರದಲ್ಲಿ ತಾಲೀಮು ಮಂಡಳಗಳ ಹೆಸರಿನ ತಂಡಗಳು ಫುಟ್‌ಬಾಲ್ ಆಡುತ್ತವೆ. ಶಾಹೂ ಕ್ರೀಡಾಂಗಣ ಕಿಕ್ಕಿರಿಯುತ್ತದೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಆ ಊರಿನವರು. ಗಡಿಯ ಈಚೆಗಿನ ನಮ್ಮ ತಾಲ್ಲೂಕುಗಳಲ್ಲೂ ಅಂಥ ಕಾಲುಗಳಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಮಗನನ್ನು ಮೈದಾನಕ್ಕೆ ಕಳಿಸುವ ತಂದೆ ಕೇಳುವುದು ಪದಕದ ಲೆಕ್ಕವನ್ನಲ್ಲ, ತಿಂಗಳ ಸಂಬಳ ಬರುವುದೇ ಎಂಬುದನ್ನು.

ಆಟಗಾರನನ್ನು ಬೆಳೆಸಿದ ಸಣ್ಣ ಕ್ಲಬ್‌ನ ಪಾಲೂ ಇಲ್ಲಿ ಮುಖ್ಯ. ಅಂತರರಾಷ್ಟ್ರೀಯ ವರ್ಗಾವಣೆ ಶುಲ್ಕದ ಶೇ 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ನೀಡಿದ ಕ್ಲಬ್‌ಗಳಿಗೆ ಹಂಚಬೇಕೆನ್ನುತ್ತದೆ ಫಿಫಾ. ಒಪ್ಪಂದ ಮುಗಿದು ಶುಲ್ಕವಿಲ್ಲದೆ ಹೋದರೆ ಹಂಚಲು ಏನೂ ಇರುವುದಿಲ್ಲ. ದೇಶದೊಳಗಿನ ವರ್ಗಾವಣೆಗಳಲ್ಲೂ ತರಬೇತಿ ಕ್ಲಬ್‌ಗಳಿಗೆ ಪ್ರತಿಫಲ ಸಿಗುವ ವ್ಯವಸ್ಥೆ ಇರಬೇಕೆಂದು ರಾಷ್ಟ್ರೀಯ ಫೆಡರೇಷನ್‌ಗಳಿಗೆ ಅದು ಸೂಚಿಸಿದೆ. ಆ ಪ್ರತಿಫಲ ತಾಲ್ಲೂಕಿನ ಕ್ಲಬ್ಬಿನ ಖಾತೆಗೂ ತಲುಪಬೇಕು.

ಆದ್ದರಿಂದ ವೇತನ ಮಿತಿಯನ್ನು ರದ್ದುಪಡಿಸಿ ಎಂದು ನಾನು ಹೇಳುತ್ತಿಲ್ಲ. ಹಣವಂತ ಕ್ಲಬ್ಬೊಂದೇ ಎಲ್ಲರನ್ನೂ ಕೊಂಡುಬಿಡದಂತೆ ತಡೆಯಲು ಅದು ಬೇಕು. ಆದರೆ ಗರಿಷ್ಠದ ಜೊತೆಗೆ ಕನಿಷ್ಠವೂ ಇರಲಿ. ಋತು ಆರಂಭಕ್ಕೆ ಮುನ್ನವೇ ಕೆಲವು ತಿಂಗಳ ವೇತನದ ಮೊತ್ತವನ್ನು ಕ್ಲಬ್‌ಗಳು ಠೇವಣಿ ಇಡಲಿ. ಮಿತಿ ನಿರ್ಧರಿಸುವಾಗ ಆಟಗಾರರ ಸಂಘಕ್ಕೂ ಮಾತಿಗೆ ಅವಕಾಶವಿರಲಿ. ತೂಕದ ಕಲ್ಲು ಒಂದೇ ಪಕ್ಷದ ಕೈಯಲ್ಲಿದ್ದರೆ ಏನಾಗುತ್ತದೆಂಬುದನ್ನು ಕೃಷ್ಣೆಯ ತೀರದ ಬೆಳೆಗಾರ ಚೆನ್ನಾಗಿ ಬಲ್ಲ.