ಸಾವಯವವೆಂಬ ಮಾತು

ತೊಗರಿಯ ನಾಡಾದ ಮಾದನಹಿಪ್ಪರಗಾಕ್ಕೆ ದ್ರಾಕ್ಷಿಯು ಅಪರಿಚಿತವಲ್ಲ. ನೆರೆಯ ವಿಜಯಪುರ, ಸೊಲ್ಲಾಪುರ ಜಿಲ್ಲೆಗಳಲ್ಲಿ ಅದರ ತೋಟಗಳು ಹಬ್ಬಿವೆ. 2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾಮದ್ಯ ನೀತಿಯನ್ನು ತಂದಿತು. ಬೆಳೆಗಾರರಿಗೆ ಇನ್ನೊಂದು ದಾರಿ ತೆರೆಯಿತು. ಮನೆತನದ ತೋಟದಲ್ಲಿ ಕೃತಕ ಗೊಬ್ಬರವಿಲ್ಲದೆ ಬೆಳೆದ ಹಣ್ಣಿನ ಕೆಂಪು ಮದ್ಯವು ನಿರಪಾಯವೆಂದು ಈಗ ಕೆಲವರು ನಂಬುತ್ತಾರೆ. ಈ ನಂಬಿಕೆಯನ್ನು ನಾವು ಒರೆಗೆ ಹಚ್ಚಬೇಕು.

ಕೆಂಪು ಬಣ್ಣವು ಸಿಪ್ಪೆಯಲ್ಲಿರುವ ಆಂಥೊಸಯನಿನ್ ವರ್ಣದ್ರವ್ಯಗಳದು. ರಸವನ್ನು ಸಿಪ್ಪೆಯೊಡನೆ ಹುದುಗಿಸಿದಾಗ ಅವು ರಸಕ್ಕಿಳಿಯುತ್ತವೆ. ಅದೇ ವೇಳೆಗೆ ಯೀಸ್ಟ್ ಸಕ್ಕರೆಯನ್ನು ಒಡೆಯುತ್ತದೆ. ಸಮೀಕರಣದ ಲೆಕ್ಕದಂತೆ 180 ಗ್ರಾಂ ಸಕ್ಕರೆಯಿಂದ 92 ಗ್ರಾಂ ಮದ್ಯಸಾರ, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಹೊಲಕ್ಕೆ ಹಾಕಿದ ಗೊಬ್ಬರ ಯಾವುದೆಂದು ಈ ಲೆಕ್ಕವು ಕೇಳುವುದಿಲ್ಲ.

ಮದ್ಯವು ಕೆಡದಂತೆ ಬೆರೆಸುವ ಗಂಧಕದ ಡೈಆಕ್ಸೈಡನ್ನೂ ಈ ಹೆಸರು ಎಲ್ಲೆಡೆ ಹೊರಗಿಡದು. ಐರೋಪ್ಯ ಒಕ್ಕೂಟದ ನಿಯಮವು ಸಿಹಿಯಿಲ್ಲದ ಸಾವಯವ ಕೆಂಪು ಮದ್ಯದಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಅದನ್ನು ಒಪ್ಪುತ್ತದೆ. ಸಾಮಾನ್ಯ ಮದ್ಯಕ್ಕೆ ಮಿತಿ 150.

ಸಾವಯವ ಕೃಷಿಯನ್ನು ನಾವು ಹಳಿಯುತ್ತಿಲ್ಲ; ಮಣ್ಣಿಗೂ ದುಡಿಯುವ ಕೈಗಳಿಗೂ ಅದರಿಂದ ಒಳಿತುಂಟು. ಆದರೆ ಆ ಹೆಸರು ಹೊಲವನ್ನು ಕುರಿತದ್ದು, ಬಟ್ಟಲನ್ನಲ್ಲ. ಮದ್ಯಪಾನೀಯಗಳು ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿದೆ. ರಸಾಯನಶಾಸ್ತ್ರದ ಮಾತಿನಲ್ಲಿ ಮದ್ಯಸಾರವೂ ಒಂದು ಸಾವಯವ ಸಂಯುಕ್ತವೇ ಎಂಬುದನ್ನು ವಿದ್ಯಾರ್ಥಿಗಳು ಮರೆಯದಿರಲಿ.