ಗಂಡು ಹಂದಿಯ ನಾಲ್ಕು ಕೂದಲು ಪರೀಕ್ಷಿಸಿ

ಶಿವಾಜಿನಗರದ ನಮ್ಮ ಅಂಗಡಿಗೆ ಬೆಳಿಗ್ಗೆ ಬರುವ ಹಂದಿ ತೊಡೆಗಳಲ್ಲಿ ಕೆಲವನ್ನು ಮುಟ್ಟಿದರೆ ಸಾಕು, ಗೊತ್ತಾಗಿಬಿಡುತ್ತದೆ. ಬಣ್ಣ ಬಿಳಿಚಿಕೊಂಡಿರುತ್ತದೆ, ಬೆರಳಿಟ್ಟು ಒತ್ತಿದರೆ ಬಿದ್ದ ಗುಳಿ ಮೇಲೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಟ್ರೇ ತಳದಲ್ಲಿ ತೆಳು ಗುಲಾಬಿ ನೀರು ನಿಲ್ಲುತ್ತದೆ. ಆ ನೀರಿಗೂ ನಾನು ಮಾಂಸದ ಬೆಲೆಯನ್ನೇ ಕೊಟ್ಟಿರುತ್ತೇನೆ. ಕುಕ್ ಟೌನಿನಿಂದ ವಿಂದಾಲೂಗೆಂದು ಬಂದು ಒಯ್ದವರು ಮಾರನೆಯ ದಿನ ‘ಬೇಯಿಸಿದರೆ ನಾರಿನಂತಾಯಿತು’ ಎನ್ನುತ್ತಾರೆ. ಸೆಪ್ಟೆಂಬರ್ 8ರ ಸಂತ ಮೇರಿ ಹಬ್ಬದ ಹೊತ್ತಿನಲ್ಲಂತೂ ಅಂಥ ಮಾಲು ಬಂದರೆ ಮುಖ ಎತ್ತಿ ಮಾತಾಡಲು ಆಗುವುದಿಲ್ಲ.

ಇದರಲ್ಲಿ ನಮ್ಮ ವ್ಯಾಪಾರದ ತಪ್ಪೂ ಇದೆ. ಕೆ.ಆರ್. ಪುರದ ಆಚೆಯಿಂದ ಉರಿಬಿಸಿಲಲ್ಲಿ ಗೂಡ್ಸ್ ಆಟೋದಲ್ಲಿ ತುರುಕಿ ತಂದು, ಹೊಡೆದು ಇಳಿಸಿ, ದಣಿವಾರಲು ಬಿಡದೆ ಕಡಿದರೆ ಯಾವ ಹಂದಿಯ ಮಾಂಸವಾದರೂ ಕೆಡುತ್ತದೆ. ಆದರೆ ಕೆಲವು ಹಂದಿಗಳಿಗೆ ಈ ದೌರ್ಬಲ್ಯ ಹುಟ್ಟಿನಿಂದಲೇ ಬಂದಿರುತ್ತದೆ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲೊಂದಿದೆ. ಅದನ್ನು ರೂಪಿಸುವ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹಂದಿ ಗಾಬರಿಯಾದರೆ ಸ್ನಾಯು ಬಿಗಿಯುತ್ತದೆ, ಮೈ ಕಾಯುತ್ತದೆ, ಕೆಲವು ದಾರಿಯಲ್ಲೇ ಸಾಯುತ್ತವೆ. ಕಡಿದ ಮೇಲೆ ಮಾಂಸ ಇನ್ನೂ ಬಿಸಿಯಿರುವಾಗಲೇ ಆಮ್ಲ ಏರಿ, ನೀರು ಹಿಡಿದಿಡುವ ಶಕ್ತಿ ಹೋಗುತ್ತದೆ.

ಈ ಅಕ್ಷರವನ್ನು 1991ರಲ್ಲಿ ಟೊರಾಂಟೊದ ಡೇವಿಡ್ ಮ್ಯಾಕ್ಲೆನನ್ ಅವರ ತಂಡ ಗುರುತಿಸಿತು. ಅದಕ್ಕೂ ಮೊದಲು ಮರಿಗಳಿಗೆ ಹ್ಯಾಲೊಥೇನ್ ಅರಿವಳಿಕೆ ಮೂಸಿಸಿ, ಕಾಲು ಸೆಟೆದುಕೊಳ್ಳುತ್ತದೆಯೇ ಎಂದು ನೋಡುತ್ತಿದ್ದರು. ತಂದೆ ತಾಯಿ ಇಬ್ಬರಿಂದಲೂ ದೋಷ ಪಡೆದ ಮರಿಯಷ್ಟೇ ಅದರಲ್ಲಿ ಸಿಕ್ಕಿಬೀಳುತ್ತಿತ್ತು. ಒಬ್ಬರಿಂದ ಮಾತ್ರ ಪಡೆದದ್ದು ದಷ್ಟಪುಷ್ಟವಾಗಿ ಬೆಳೆದು ಬೀಜದ ಗಂಡಾಗಿಬಿಡುತ್ತಿತ್ತು. ಯಾಕೆಂದರೆ ಇದೇ ಜೀನು ಕೊಬ್ಬು ಕಡಿಮೆ ಮಾಡಿ ಮಾಂಸ ಹೆಚ್ಚಿಸುತ್ತದೆ. ತೊಡೆ ತುಂಬಿಕೊಂಡಿದೆ ಎಂದು ಆರಿಸಿದ ತಳಿಗಾರ ತಿಳಿಯದೆ ರೋಗವನ್ನೂ ಆರಿಸಿದ. ಬೆಲ್ಜಿಯಂನ ಪಿಯೆತ್ರೇನ್ ತಳಿಯಲ್ಲಿ ಅದು ಮನೆಮಾಡಿದ್ದು ಹೀಗೆ. ನಮ್ಮ ರೈತರು ಸಾಕುವ ಲ್ಯಾಂಡ್ರೇಸ್ ತಳಿಯ ರಕ್ತದಲ್ಲೂ ಅದು ಬರಬಹುದು. ಕಣ್ಣಳತೆಗೆ ಸಿಗದ ಈ ಗಂಡನ್ನು ಹಿಡಿಯಲು ಇರುವ ದಾರಿ ಡಿಎನ್‌ಎ ಗುರುತು ಒಂದೇ. ಬೇರು ಸಮೇತ ಕಿತ್ತ ನಾಲ್ಕು ಕೂದಲು ಸಾಕು, ಉಳಿದದ್ದು ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ ಪಿಸಿಆರ್ ಯಂತ್ರದ ಕೆಲಸ. ಎಲ್ಲ ಹಂದಿಗೂ ಬೇಡ, ನೂರಾರು ಮರಿಗಳಿಗೆ ತಂದೆಯಾಗುವ ಗಂಡಿಗೆ ಮಾಡಿಸಲಿ.

ಹಾಗೆಂದು ಕೊಬ್ಬೇ ಇಲ್ಲದ ಹಂದಿ ಬೇಕೆಂದು ಯಾರೂ ಹೊರಡಬಾರದು. ಇಂದಿರಾನಗರದಿಂದ ಬರುವ ಕೊಡವರು ಪಂದಿ ಕರಿಗೆ ಚರ್ಮ, ಕೊಬ್ಬು, ಮಾಂಸ ಮೂರೂ ಅಂಟಿಕೊಂಡ ತುಂಡನ್ನೇ ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಇಲ್ಲಿ ಇನ್ನೊಂದು ಗುರುತು ನೆರವಿಗೆ ಬರುತ್ತದೆ. ಐಜಿಎಫ್2 ಎಂಬ ಜೀನಿನಲ್ಲಿ ಮಾಂಸ ಹೆಚ್ಚಿಸುವ ಬದಲಾವಣೆಯೊಂದನ್ನು ಸ್ವೀಡನ್ ಮತ್ತು ಬೆಲ್ಜಿಯಂನ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಮರಿಯ ಸ್ನಾಯುವಿನಲ್ಲಿ ಅದು ತಂದೆಯಿಂದ ಬಂದರೆ ಮಾತ್ರ ಕೆಲಸ ಮಾಡುತ್ತದೆ, ತಾಯಿಯ ಪ್ರತಿ ಸುಮ್ಮನಿರುತ್ತದೆ. ಅಂದರೆ ತಾಯಿ ಹಂದಿ ಕೊಬ್ಬಿನ ನಾಟಿ ಕರಿಹಂದಿಯಾಗಿಯೇ ಇರಬಹುದು. ಹಂದಿಜೋಗಿ, ಕೊರಮ ಸಮುದಾಯಗಳು ತಲೆಮಾರುಗಳಿಂದ ಸಾಕಿಕೊಂಡು ಬಂದ ಆ ಹಂದಿಗಳನ್ನು ಸೀಮೆಹಂದಿಯ ಹೆಸರಲ್ಲಿ ಅಳಿಸಿಹಾಕುವುದು ಬೇಡವೇ ಬೇಡ. ಗೋವಾದವರು ತಮ್ಮ ಅಗೊಂಡ ಹಂದಿಯನ್ನು ರಾಷ್ಟ್ರೀಯ ತಳಿಯಾಗಿ ನೋಂದಾಯಿಸಿಕೊಂಡಿದ್ದಾರೆ.

2019ರ ಗಣತಿಯಲ್ಲಿ ದೇಶದ ಹಂದಿಗಳ ಸಂಖ್ಯೆ ಶೇ 12ರಷ್ಟು ಇಳಿದು ಸುಮಾರು 90 ಲಕ್ಷಕ್ಕೆ ಬಂದಿತ್ತು. ಮರುವರ್ಷವೇ ಅಸ್ಸಾಮಿನಲ್ಲಿ ಆಫ್ರಿಕನ್ ಹಂದಿ ಜ್ವರ ಕಾಲಿಟ್ಟಿತು. ಇರುವ ಹಂದಿಯ ಮಾಂಸವಾದರೂ ನೀರಾಗಿ ಹರಿದುಹೋಗದಿರಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ರೈತರಿಗೆ ಕಡಿಮೆ ದರದಲ್ಲಿ ಈ ಪರೀಕ್ಷೆ ಸಿಗುವಂತೆ ಪಶುಸಂಗೋಪನಾ ಇಲಾಖೆ ಏರ್ಪಾಟು ಮಾಡಲಿ. ಫಲಿತಾಂಶವನ್ನು ಕಿವಿಯ ಬಿಲ್ಲೆಯ ಸಂಖ್ಯೆಯೊಂದಿಗೆ ಬರೆದುಕೊಡಲಿ. ಆ ಚೀಟಿಯಿರುವ ಗಂಡಿನ ಮರಿಗಳನ್ನು ಬೆಳೆಸಿ, ನೆರಳಲ್ಲಿ ಸಾಗಿಸಿ ತರುವ ರೈತರಿಗೆ ಕಿಲೋಗೆ ಹೆಚ್ಚು ಬೆಲೆ ಕೊಡಲು ನಾನು ಸಿದ್ಧ.